ಪಂಜರಕ್ಕೆ ಕೈ ಹಾಕಿದೊಡನೆ ಎರಗುವ ಮೊಲ: ತಿಳಿದವರು ದಯವಿಟ್ಟು ದಾರಿ ತೋರಿಸಿ

ಪ್ರಶ್ನೆ: ಕೇಶ್ವಾಪುರದ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಬಾಡಿಗೆ ಮನೆಯೊಂದರ ಮೊದಲ ಮಹಡಿಯಲ್ಲಿ ಇದ್ದೇವೆ. ಕಳೆದ ದೀಪಾವಳಿಯ ವೇಳೆಗೆ ಎಂಟು ವರ್ಷದ ಮಗಳ ಹಟಕ್ಕೆ ಮಣಿದು ಒಂದು ಬಿಳಿ ಮೊಲದ ಮರಿಯನ್ನು ತಂದೆವು. ಅದು ಒಂದು ತಿಂಗಳ ಗಂಡುಮರಿ, ಗಜ್ಜರಿ ಹಾಕಿದರೆ ಸಾಕು, ಬೇರೆ ಆರೈಕೆ ಏನೂ ಬೇಕಿಲ್ಲ ಎಂದು ಮಾರಿದವರು ಹೇಳಿದ್ದರು. ಮಗಳು ಅದಕ್ಕೆ ಬಂಟಿ ಎಂದು ಹೆಸರಿಟ್ಟಳು.

ಮೊದಲ ನಾಲ್ಕು ತಿಂಗಳು ಅದು ಅವಳ ತೊಡೆಯ ಮೇಲೆಯೇ ಮಲಗುತ್ತಿತ್ತು. ಹೋಳಿ ಹುಣ್ಣಿಮೆ ಕಳೆದ ಮೇಲೆ ಅದರ ಸ್ವಭಾವವೇ ಬದಲಾಯಿತು. ಈಗ ನೀರಿನ ಬಟ್ಟಲು ತೆಗೆಯಲು ಕೈ ಹಾಕಿದರೂ ಕಿವಿಗಳನ್ನು ಹಿಂದಕ್ಕೆ ಚಪ್ಪಟೆ ಮಾಡಿ, ಬಾಲ ಎತ್ತಿ, ಗುರ್ ಎಂದು ಸದ್ದು ಮಾಡುತ್ತ ಮುಂಗಾಲುಗಳಿಂದ ಹೊಡೆಯುತ್ತದೆ. ಕಳೆದ ಭಾನುವಾರ ಮಗಳ ಹೆಬ್ಬೆರಳಿನ ಬುಡಕ್ಕೆ ಕಚ್ಚಿ ರಕ್ತ ಬಂದಿತು. ಅತ್ತೆಯವರು ಸಿಟ್ಟಿನಿಂದ ಅದರ ಕಿವಿ ಹಿಡಿದು ಎತ್ತಿದರು. ಯಜಮಾನರು ಎರಡು ಸಲ ಪತ್ರಿಕೆಯನ್ನು ಸುತ್ತಿ ಮೂತಿಯ ಮೇಲೆ ಹೊಡೆದರು. ಅಂದಿನಿಂದ ಅದರ ಕೋಪ ಇನ್ನೂ ಹೆಚ್ಚಾಗಿದೆ. ನನಗೆ ಅರ್ಥವಾಗದ ಸಂಗತಿಯೆಂದರೆ, ಪಂಜರದಿಂದ ಹೊರಗೆ ಬಿಟ್ಟಾಗ ಅದೇ ಪ್ರಾಣಿ ಪಡಸಾಲೆಯಲ್ಲಿ ಶಾಂತವಾಗಿ ಓಡಾಡುತ್ತದೆ ಮತ್ತು ನನ್ನ ಕಾಲಿನ ಸುತ್ತ ಸುತ್ತುತ್ತದೆ.

ಪಂಜರ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲವಿದ್ದು ತಳದಲ್ಲಿ ತಂತಿಯ ಜಾಳಿಗೆ ಇದೆ. ಗಜ್ಜರಿ, ಎಲೆಕೋಸು, ನೆನೆಸಿದ ಕಡಲೆ, ಉಳಿದ ಚಪಾತಿ, ಕೆಲವೊಮ್ಮೆ ಬಿಸ್ಕತ್ತು ಕೊಡುತ್ತೇವೆ. ಕುಂದಗೋಳದ ಹತ್ತಿರ ಇರುವ ನಮ್ಮ ಸಂಬಂಧಿಕರ ಹೊಲದಲ್ಲಿ ಅದನ್ನು ಬಿಟ್ಟು ಬರೋಣವೆಂದು ಮನೆಯವರು ಹೇಳುತ್ತಿದ್ದಾರೆ. ಮಗಳು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಇದು ಅದರ ಹುಟ್ಟುಗುಣವೇ, ಅಥವಾ ನಾವು ಎಲ್ಲಿಯಾದರೂ ತಪ್ಪಿದ್ದೇವೆಯೇ?


ಉತ್ತರ: ಸಾಧನಕೇರಿಯ ಮೊಲದ ಮನೆ

ತಾಯಿ, ಮೊದಲಿಗೆ ಒಂದು ಮಾತು: ಮೊಲವನ್ನು ಹೊಲದಲ್ಲಿ ಬಿಡಬೇಡಿ. ನಮ್ಮ ಹೊಲಗದ್ದೆಗಳಲ್ಲಿ ಓಡುವ ಕಾಡುಮೊಲ ಬೇರೆಯೇ ಜಾತಿಯದು. ಅದು ನೆಲದ ಮೇಲೆಯೇ, ಕಣ್ಣು ತೆರೆದ, ಮೈತುಂಬ ಕೂದಲಿರುವ ಮರಿಗಳನ್ನು ಹಾಕುತ್ತದೆ ಮತ್ತು ಹುಟ್ಟಿದಂದಿನಿಂದ ಓಟವನ್ನೇ ನಂಬಿ ಬದುಕುತ್ತದೆ. ನಿಮ್ಮ ಮನೆಯಲ್ಲಿರುವುದು ಐರೋಪ್ಯ ಮೊಲದಿಂದ ಬಂದ ಸಾಕುತಳಿ. ಅದರ ಪೂರ್ವಿಕರು ಸ್ಪೇನ್ ಮತ್ತು ಪೋರ್ಚುಗಲ್‌ನ ಕಡೆಯ ಬಿಲವಾಸಿಗಳು. ಬಿಳಿಯ ಮೈಯ ಆ ಪ್ರಾಣಿಗೆ ಎರೆಹೊಲದಲ್ಲಿ ಅಡಗಲು ತಾಣವಿಲ್ಲ. ಒಂದು ರಾತ್ರಿಯೊಳಗೆ ನಾಯಿಗಳ ಬಾಯಿಗೆ ಬೀಳುತ್ತದೆ.

ಬಿಲದಲ್ಲಿ ಬಾಳುವ ಕುಲದ್ದು ಎಂಬ ಆ ಒಂದು ಸಂಗತಿಯಲ್ಲಿಯೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಮೊಲಕ್ಕೆ ಪಂಜರವು ಬಿಲವಿದ್ದಂತೆ. ತಾನು ಮಲಗುವ, ತಿನ್ನುವ, ಅಡಗುವ ಏಕೈಕ ಜಾಗದೊಳಗೆ ಮೇಲಿನಿಂದ ಒಂದು ಕೈ ಇಳಿದು ಬಂದರೆ, ಹದ್ದಿನ ಕಾಲು ಇಳಿದು ಬಂದದ್ದಕ್ಕೂ ಅದಕ್ಕೂ ಮೊಲದ ಬುದ್ಧಿಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಹೊರಗೆ ಬಂದಾಗ ಅದು ಶಾಂತವಾಗಿರುವುದಕ್ಕೆ ಕಾರಣವೂ ಇದೇ. ಪಡಸಾಲೆಯು ಅದರ ಬಿಲವಲ್ಲ, ಆದ್ದರಿಂದ ಅಲ್ಲಿ ಕಾಯುವುದಕ್ಕೆ ಏನೂ ಇಲ್ಲ. ಮೊಲದ ಕಣ್ಣುಗಳು ತಲೆಯ ಎರಡೂ ಪಕ್ಕದಲ್ಲಿ ಇರುವುದರಿಂದ ಹಿಂದೆ, ಮೇಲೆ, ಪಕ್ಕಕ್ಕೆ ಎಲ್ಲವೂ ಕಾಣುತ್ತದೆ, ಆದರೆ ಮೂಗಿನ ನೇರ ಮುಂದೆ ಮತ್ತು ಗದ್ದದ ಕೆಳಗೆ ಮಾತ್ರ ಏನೂ ಕಾಣುವುದಿಲ್ಲ. ನಾವು ನಾಯಿಗೆ ಮಾಡುವಂತೆ ಮೂತಿಯ ಮುಂದೆ ಕೈ ಒಡ್ಡಿದಾಗ ಅದಕ್ಕೆ ಕಾಣದ ಜಾಗದಲ್ಲಿಯೇ ಒಂದು ವಸ್ತು ಇದ್ದಕ್ಕಿದ್ದಂತೆ ಬಂದು ನಿಂತಂತಾಗುತ್ತದೆ. ಕೈಯನ್ನು ಪಕ್ಕದಿಂದ, ಅದಕ್ಕೆ ಕಾಣುವಂತೆ, ನಿಧಾನವಾಗಿ ತಂದು ಹಣೆಯ ಮೇಲೆ, ಎರಡು ಕಣ್ಣುಗಳ ನಡುವೆ ಇಡಬೇಕು. ಗದ್ದವನ್ನೂ ಕಾಲುಗಳನ್ನೂ ಮುಟ್ಟಬಾರದು.

ಹೊಡೆಯುವುದನ್ನು ದಯವಿಟ್ಟು ನಿಲ್ಲಿಸಿ. ಯಜಮಾನರನ್ನು ನೋಯಿಸಬೇಕೆಂದು ನಾನು ಇದನ್ನು ಹೇಳುತ್ತಿಲ್ಲ. ಹನ್ನೊಂದು ವರ್ಷಗಳ ಹಿಂದೆ ನನ್ನ ಮೊದಲ ಮೊಲಕ್ಕೆ ನಾನೂ ಮೂತಿಯ ಮೇಲೆ ತಟ್ಟಿದ್ದೆ, ಮತ್ತು ಅದರ ಭಯ ಹೋಗುವುದಕ್ಕೆ ಒಂದು ವರ್ಷ ಹಿಡಿಯಿತು. ಅದು ನಿಮ್ಮ ಕೈಗೆ ಹೆದರಿ ಕಚ್ಚಿದೆ; ಕೈಯು ಹೊಡೆದರೆ ಅದರ ಹೆದರಿಕೆಗೆ ಸಾಕ್ಷಿ ಸಿಕ್ಕಂತಾಗುತ್ತದೆ. ಕಿವಿ ಹಿಡಿದು ಎತ್ತುವುದು ಇನ್ನೂ ಅಪಾಯಕರ. ಮೊಲದ ಎಲುಬುಗಳು ಹಗುರ, ಹಿಂಗಾಲಿನ ಸ್ನಾಯುಗಳು ಬಹಳ ಬಲಶಾಲಿ. ಗಾಳಿಯಲ್ಲಿ ಒದ್ದಾಡಿ ಜಾಡಿಸಿದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಂಡು ಹಿಂಗಾಲುಗಳ ಸ್ವಾಧೀನ ಕಳೆದುಕೊಂಡ ಮೊಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎತ್ತಲೇಬೇಕಾದಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇಟ್ಟು ನಿಮ್ಮ ಮೈಗೆ ಒತ್ತಿ ಹಿಡಿಯಿರಿ. ಎಂಟು ವರ್ಷದ ಮಗು ಎತ್ತುವುದು ಬೇಡವೇ ಬೇಡ. ಅವಳು ನೆಲದ ಮೇಲೆ ಕುಳಿತರೆ ಅದು ತಾನಾಗಿಯೇ ಹತ್ತಿರ ಬರುತ್ತದೆ.

ನಾಳೆಯಿಂದಲೇ ಮಾಡಬಹುದಾದದ್ದು ಇಷ್ಟು. ಪಂಜರದ ಬಾಗಿಲನ್ನು ತೆರೆದಿಟ್ಟು, ಅದು ತಾನಾಗಿ ಹೊರಗೆ ಬಂದ ಮೇಲೆ ಮಾತ್ರ ನೀರು, ಮೇವು, ಕಸದ ಕೆಲಸಗಳನ್ನು ಮಾಡಿ. ಅದು ಒಳಗೆ ಇರುವಾಗ ಕಸಬರಿಗೆಯನ್ನೂ ಕೈಯನ್ನೂ ಒಳಗೆ ಹಾಕಬೇಡಿ. ಸಂಜೆ ಅರ್ಧ ಗಂಟೆ ಪಡಸಾಲೆಯ ನೆಲದ ಮೇಲೆ ಸುಮ್ಮನೆ ಕುಳಿತು ಪುಸ್ತಕ ಓದಿ, ಪಕ್ಕದಲ್ಲಿ ನಾಲ್ಕು ಎಸಳು ಕೊತ್ತಂಬರಿ ಇಟ್ಟುಕೊಳ್ಳಿ, ಮೊಲದ ಕಡೆಗೆ ನೋಡಲೂ ಬೇಡಿ. ಎರಗಿ ಬಂದರೆ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆಯಬೇಡಿ. ಎಳೆದರೆ ಎರಗಿದಾಗ ಕೈ ಓಡಿಹೋಗುತ್ತದೆ ಎಂಬ ಪಾಠ ಅದಕ್ಕೆ ಸಿಗುತ್ತದೆ. ದಪ್ಪ ಕೈಗವಸು ಹಾಕಿಕೊಂಡರೆ ನಿಮಗೂ ಅಂಜಿಕೆ ಇರುವುದಿಲ್ಲ.

ಪಂಜರದ ಬಗ್ಗೆ ಹೇಳಬೇಕೆಂದರೆ, ಎರಡು ಅಡಿ ಎಂಬುದು ಮೊಲಕ್ಕೆ ಒಂದು ನೆಗೆತದ ಜಾಗವೂ ಅಲ್ಲ. ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆಯವರು ಎರಡು ಮೊಲಗಳಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗವಿರಬೇಕೆಂದು ಹೇಳುತ್ತಾರೆ. ಬಾಡಿಗೆ ಮನೆಯಲ್ಲಿ ಅಷ್ಟು ದೊಡ್ಡ ಗೂಡು ಕಟ್ಟಲು ಆಗುವುದಿಲ್ಲ, ಅದು ನನಗೂ ಗೊತ್ತು. ನಾನು ಮಡಚುವ ತಂತಿಬೇಲಿಯನ್ನು ತಂದು ಕೋಣೆಯ ಒಂದು ಮೂಲೆಯನ್ನು ಮೊಲಕ್ಕೆ ಬಿಟ್ಟುಕೊಟ್ಟಿದ್ದೇನೆ, ಪಂಜರವನ್ನು ಅದರೊಳಗೆ ಬಾಗಿಲು ತೆಗೆದು ಇಟ್ಟಿದ್ದೇನೆ. ಎರಡು ಬಾಯಿಗಳಿರುವ ಒಂದು ರಟ್ಟಿನ ಪೆಟ್ಟಿಗೆಯನ್ನೂ ಇಡಿ. ಓಡಿಹೋಗಲು ಇನ್ನೊಂದು ದಾರಿ ಇದೆಯೆಂದು ತಿಳಿದ ಮೊಲವು ಜಗಳಕ್ಕೆ ನಿಲ್ಲುವುದು ಕಡಿಮೆ. ಬೆಕ್ಕು ನಾಯಿಗಳಿಗೆ ಇರುವ ಮೆತ್ತನೆಯ ಅಂಗಾಲು ಮೊಲಕ್ಕೆ ಇಲ್ಲ, ಕೂದಲಷ್ಟೇ ಇದೆ. ಆದ್ದರಿಂದ ತಂತಿಯ ತಳದ ಮೇಲೆ ಗೋಣಿತಟ್ಟು ಅಥವಾ ಹಳೆಯ ಚಾಪೆಯನ್ನು ಹಾಸಿ. ಇಲ್ಲವಾದರೆ ಹಿಂಗಾಲಿನ ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ, ಮತ್ತು ಹುಣ್ಣಾದ ಮೊಲವೂ ಕಚ್ಚುತ್ತದೆ.

ಕೊನೆಯದಾಗಿ ಒಂದು ಪ್ರಶ್ನೆ. ಅದು ಬಾಯಲ್ಲಿ ಹುಲ್ಲು ಅಥವಾ ಕಾಗದದ ಚೂರುಗಳನ್ನು ಕಚ್ಚಿಕೊಂಡು ಓಡಾಡಿದ್ದನ್ನು, ಅಥವಾ ಎದೆಯ ಕೂದಲನ್ನು ತಾನೇ ಕಿತ್ತುಕೊಂಡದ್ದನ್ನು ನೋಡಿದ್ದೀರಾ? ಗಂಡುಮರಿ ಎಂದು ನಿಮಗೆ ಹೇಳಿದ್ದು ನಿಜವಿರಲಿಕ್ಕಿಲ್ಲವೆಂದು ನನಗೆ ಬಲವಾದ ಸಂಶಯವಿದೆ.


ಉತ್ತರ: ಹಾವೇರಿಯ ಹೊಲದವನು

ಮೇಲಿನವರ ಸಂಶಯವೇ ನನ್ನದೂ ಹೌದು. ಹಾವೇರಿ ತಾಲ್ಲೂಕಿನ ನಮ್ಮ ತೋಟದಲ್ಲಿ ಆರು ವರ್ಷ ಮೊಲಗಳನ್ನು ಸಾಕಿದ್ದೆವು, ಈಗ ನಿಲ್ಲಿಸಿದ್ದೇವೆ. ಒಂದು ತಿಂಗಳ ಮರಿಯ ಲಿಂಗವನ್ನು ಪಳಗಿದ ಕಣ್ಣೂ ತಪ್ಪಾಗಿ ಹೇಳುವುದುಂಟು. ಗಂಡಿನ ವೃಷಣಗಳು ಸುಮಾರು ಮೂರು ತಿಂಗಳಿಗೆ ಕೆಳಗಿಳಿಯುತ್ತವೆ, ಆಮೇಲೆ ಯಾರು ಬೇಕಾದರೂ ಗುರುತಿಸಬಹುದು. ನಿಮ್ಮದು ಈಗ ಏಳು ತಿಂಗಳು ದಾಟಿರುವುದರಿಂದ ನೋಡಿದೊಡನೆ ತಿಳಿಯುತ್ತದೆ. ಬೆಳೆದ ಹೆಣ್ಣುಗಳಲ್ಲಿ ಹಲವಕ್ಕೆ ಗದ್ದದ ಕೆಳಗೆ ಚರ್ಮವು ಮಡಿಕೆಯಾಗಿ ಜೋತುಬಿದ್ದಿರುತ್ತದೆ.

ಮೊಲ ಸಾಕುವವರೆಲ್ಲರೂ ಮೊದಲ ದಿನವೇ ಕಲಿಯುವ ಒಂದು ನಿಯಮವಿದೆ: ಕೂಡಿಸುವಾಗ ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಬೇಕೇ ಹೊರತು ಗಂಡನ್ನು ಹೆಣ್ಣಿನ ಗೂಡಿಗೆ ಎಂದಿಗೂ ಬಿಡಬಾರದು. ಬಿಟ್ಟರೆ ಹೆಣ್ಣು ತನ್ನ ಗೂಡಿಗೆ ಬಂದ ಗಂಡನ್ನು ಕಚ್ಚಿ ಹರಿದುಹಾಕುತ್ತದೆ. ಸಂಗಾತಿಯಾಗಿ ಬಂದ ಗಂಡಿಗೇ ಈ ಗತಿಯಾದರೆ, ನಿಮ್ಮ ಕೈಯನ್ನು ಅದು ಸುಮ್ಮನೆ ಬಿಡುವುದೇ? ನಮ್ಮಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಣ್ಣುಗಳಿದ್ದವು. ಹೊರಗೆ ಕೈಯಿಂದ ಮೇವು ತಿನ್ನುತ್ತಿದ್ದ ಹೆಣ್ಣುಗಳೇ ಗೂಡಿನೊಳಗೆ ನನ್ನ ಮಣಿಕಟ್ಟನ್ನು ಕಚ್ಚುತ್ತಿದ್ದವು. ನಾನು ಅವುಗಳನ್ನು ದುಷ್ಟ ಪ್ರಾಣಿಗಳೆಂದು ಒಂದು ದಿನವೂ ಎಣಿಸಲಿಲ್ಲ. ಮರಿಗಳನ್ನು ಚೆನ್ನಾಗಿ ಕಾಯುತ್ತಿದ್ದ ತಾಯಂದಿರು ಅವೇ.

ತಂತಿಯ ತಳದ ವಿಷಯದಲ್ಲಿ ಒಂದು ಭಿನ್ನಾಭಿಪ್ರಾಯವಿದೆ. ಹಿಕ್ಕೆ ಮೂತ್ರಗಳು ಕೆಳಗೆ ಬಿದ್ದುಹೋಗದಿದ್ದರೆ ಹೊಟ್ಟೆಯ ರೋಗಗಳು ಹೆಚ್ಚುತ್ತವೆ, ಅದಕ್ಕಾಗಿಯೇ ದೊಡ್ಡ ಸಾಕಣೆಯಲ್ಲಿ ಜಾಳಿಗೆ ಇಡುತ್ತಾರೆ. ಗೋಣಿತಟ್ಟು ಹಾಸಿದರೆ ಅದನ್ನು ಪ್ರತಿದಿನ ಬದಲಿಸಬೇಕು. ಒದ್ದೆ ತಟ್ಟಿನ ಮೇಲೆ ಕೂತ ಮೊಲಕ್ಕೆ ನೊಣಗಳು ಮೊಟ್ಟೆಯಿಟ್ಟು ಹುಳು ಬೀಳುವುದನ್ನು ಮಳೆಗಾಲದಲ್ಲಿ ನಾವು ಅನುಭವಿಸಿದ್ದೇವೆ.

ಮೇವಿನ ಬಗ್ಗೆಯೂ ಎರಡು ಮಾತು. ಚಪಾತಿ, ಕಡಲೆ, ಬಿಸ್ಕತ್ತುಗಳನ್ನು ಇಂದೇ ನಿಲ್ಲಿಸಿ. ಗಜ್ಜರಿಯಲ್ಲಿ ಸಕ್ಕರೆಯ ಅಂಶ ಹೆಚ್ಚು, ವಾರಕ್ಕೆ ಎರಡು ಸಲ ಹೆಬ್ಬೆರಳಿನಷ್ಟು ಚೂರು ಸಾಕು. ಅದರ ಸೊಪ್ಪನ್ನು ಧಾರಾಳವಾಗಿ ಕೊಡಬಹುದು. ಮೊಲಕ್ಕೆ ಹುಲ್ಲೇ ಅನ್ನ. ಕರಿಕಿ ಹುಲ್ಲು ಎಲ್ಲಕ್ಕಿಂತ ಉತ್ತಮ; ಅದು ಸಿಗದಿದ್ದರೆ ನೇಪಿಯರ್ ಹುಲ್ಲಿನ ಎಳೆಯ ಗರಿಗಳನ್ನು ಕತ್ತರಿಸಿ ಕೊಡಿ. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಸಂಪೂರ್ಣ ಎಂಬ ಹೆಸರಿನ ನೇಪಿಯರ್ ತಳಿ ಅಲ್ಲಿಯದೇ. ನಮ್ಮ ತೋಟದ ಬದುವಿನಲ್ಲಿ ಅದನ್ನೇ ಹಚ್ಚಿದ್ದೇವೆ. ಮಹಡಿಯ ಮೇಲೆ ಕುಂಡದಲ್ಲಿಯೂ ಅದು ಬೆಳೆಯುತ್ತದೆ. ಹಸಿ ಜೋಳದ ಎಳೆಯ ಪೈರನ್ನು ಮಾತ್ರ ಎಂದಿಗೂ ಹಾಕಬೇಡಿ. ಅದರಲ್ಲಿ ಸೈನೈಡ್ ವಿಷವಿರುವುದನ್ನು ದನ ಕಟ್ಟಿದವರೆಲ್ಲ ಬಲ್ಲರು. ಶೇಂಗಾ ಹೊಟ್ಟು ಬೂಸ್ಟು ಹಿಡಿದಿದ್ದರೆ ಅದೂ ಬೇಡ.


ಉತ್ತರ: ಗೋಕುಲ ರಸ್ತೆಯ ಓದುಗ

ನನಗೆ ಮೊಲ ಸಾಕಿದ ಅನುಭವವಿಲ್ಲ, ಆದರೂ ಕೇಳುತ್ತೇನೆ. ಒಂಟಿಯಾಗಿರುವುದರಿಂದ ಅದಕ್ಕೆ ಸಿಟ್ಟು ಬರುತ್ತಿರಬಹುದಲ್ಲವೇ? ಜೊತೆಗೆ ಇನ್ನೊಂದು ಮೊಲವನ್ನು ತಂದರೆ ಸರಿಹೋಗಬಹುದೇ?


ಉತ್ತರ: ಸಾಧನಕೇರಿಯ ಮೊಲದ ಮನೆ

ಮೊಲವು ಒಂಟಿಯಾಗಿ ಇರಬೇಕಾದ ಪ್ರಾಣಿಯಲ್ಲ ಎಂಬ ನಿಮ್ಮ ಮಾತು ಸತ್ಯ. ಆದರೆ ಈ ಸ್ಥಿತಿಯಲ್ಲಿ ಇನ್ನೊಂದನ್ನು ತಂದು ಅದೇ ಪಂಜರಕ್ಕೆ ಬಿಟ್ಟರೆ ಒಂದು ಸಾಯುತ್ತದೆ, ಅಥವಾ 30 ರಿಂದ 32 ದಿನಗಳಲ್ಲಿ ಮನೆತುಂಬ ಮರಿಗಳಾಗುತ್ತವೆ. ಎರಡು ಗಂಡುಗಳು ಪ್ರಾಯಕ್ಕೆ ಬಂದ ಮೇಲೆ ಒಂದರ ವೃಷಣವನ್ನು ಇನ್ನೊಂದು ಕಚ್ಚಿ ಹರಿಯುವಷ್ಟು ಕಾದಾಡುತ್ತವೆ. ಶಸ್ತ್ರಚಿಕಿತ್ಸೆಯಾದ ಒಂದು ಹೆಣ್ಣು, ಶಸ್ತ್ರಚಿಕಿತ್ಸೆಯಾದ ಒಂದು ಗಂಡು, ಎರಡಕ್ಕೂ ಪರಿಚಯವಿಲ್ಲದ ಹೊಸ ಜಾಗ, ಮತ್ತು ವಾರಗಟ್ಟಲೆ ತಾಳ್ಮೆ, ಇಷ್ಟೂ ಇದ್ದಾಗ ಮಾತ್ರ ಜೊತೆ ಮಾಡಬೇಕು. ನನ್ನ ಮನೆಯ ಜೋಡಿಯನ್ನು ಸ್ನಾನದ ಕೋಣೆಯಲ್ಲಿ ದಿನಕ್ಕೆ ಹತ್ತು ನಿಮಿಷದಂತೆ ಆರು ವಾರ ಕೂರಿಸಿದ್ದೆ. ಈಗ ಅವು ಒಂದರ ಮೇಲೊಂದು ತಲೆಯಿಟ್ಟು ಮಲಗುತ್ತವೆ.


ಉತ್ತರ: ಗದಗಿನ ಪಶುವೈದ್ಯ

ಇಲ್ಲಿಯ ಉತ್ತರಗಳು ಉತ್ತಮವಾಗಿವೆ, ಆದರೆ ಕ್ರಮದಲ್ಲಿ ಒಂದು ತಿದ್ದುಪಡಿ ಬೇಕೆಂದು ನನ್ನ ಅಭಿಪ್ರಾಯ. ಒಮ್ಮೆಲೇ ಕಚ್ಚಲು ಶುರು ಮಾಡಿದ ಯಾವ ಮೊಲವನ್ನಾದರೂ ನಾನು ಮೊದಲು ನೋವಿಗಾಗಿ ಪರೀಕ್ಷಿಸುತ್ತೇನೆ, ಸ್ವಭಾವದ ಮಾತು ಆನಂತರದ್ದು. ಬೇಟೆಗೆ ಒಳಗಾಗುವ ಪ್ರಾಣಿಯು ನೋವನ್ನು ತೋರಿಸಿಕೊಳ್ಳುವುದಿಲ್ಲ. ತೋರಿಸಿದರೆ ಕಾಡಿನಲ್ಲಿ ಬದುಕಲಾರದು. ಸಾಧನಕೇರಿಯವರು ಹೇಳಿದಂತೆ ನೆಲದ ಮೇಲೆ ಕುಳಿತು ಎರಡು ತಿಂಗಳು ಕಾದು, ಆಮೇಲೆ ಹಲ್ಲಿನ ಹುಣ್ಣು ಗೊತ್ತಾಗುವಂತಾಗಬಾರದು.

ಮೊಲಕ್ಕೆ 28 ಹಲ್ಲುಗಳಿದ್ದು ಎಲ್ಲವೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲುಗಳು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತವೆ. ನಾರಿನ ಹುಲ್ಲನ್ನು ಗಂಟೆಗಟ್ಟಲೆ ಅಡ್ಡಡ್ಡ ಅರೆದು ತಿಂದಾಗ ಮಾತ್ರ ಅವು ಸವೆಯುತ್ತವೆ. ಚಪಾತಿ, ಬಿಸ್ಕತ್ತು ತಿಂದ ಮೊಲದ ದವಡೆಹಲ್ಲುಗಳು ಸವೆಯದೆ ಮೊನಚಾಗಿ ನಾಲಿಗೆಯನ್ನೂ ಕೆನ್ನೆಯನ್ನೂ ಗಾಯಗೊಳಿಸುತ್ತವೆ. ಮುಂದಿನ ಹಲ್ಲು ಸರಿಯಾಗಿ ಕಾಣುತ್ತಿದ್ದರೂ ಹಿಂದಿನವು ಹೀಗಿರಬಹುದು, ಉಪಕರಣದ ಸಹಾಯವಿಲ್ಲದೆ ಅವು ಕಾಣುವುದಿಲ್ಲ. ಗದ್ದ ಒದ್ದೆಯಾಗಿರುವುದು, ತಿನ್ನಲು ಬಂದು ಹಿಂದೆ ಸರಿಯುವುದು, ಕಣ್ಣಲ್ಲಿ ನೀರು ಸೋರುವುದು ಇದರ ಸೂಚನೆಗಳು. ಕಿವಿಯ ಒಳಗೆ ಕಂದು ಬಣ್ಣದ ಪದರು ಪದರಾದ ಹಕ್ಕಳೆಗಳಿದ್ದರೆ ಅದು ನುಸಿಯ ರೋಗ; ಅಂಥ ಮೊಲದ ತಲೆಯನ್ನು ಮುಟ್ಟಿದರೆ ಅದು ಕಚ್ಚದೆ ಏನು ಮಾಡೀತು? ಹಿಮ್ಮಡಿಯ ಹುಣ್ಣು ಮತ್ತು ಮೂತ್ರದಲ್ಲಿ ಸುಣ್ಣದಂಥ ಗಸಿ, ಇವೆರಡನ್ನೂ ನೋಡಬೇಕು.

ಔಷಧದ ವಿಷಯದಲ್ಲಿ ಎಚ್ಚರಿಕೆ. ನಾಯಿ ಬೆಕ್ಕುಗಳ ಉಣ್ಣೆ ಚಿಗಟಗಳಿಗೆ ಹಾಕುವ ಫಿಪ್ರೊನಿಲ್ ಮೊಲಕ್ಕೆ ಪ್ರಾಣಾಂತಿಕವಾಗಬಹುದು. ಮನೆಯಲ್ಲಿ ಉಳಿದಿರುವ ಅಮಾಕ್ಸಿಸಿಲಿನ್ ಮಾತ್ರೆಯನ್ನು ಪುಡಿಮಾಡಿ ಬಾಯಿಗೆ ಹಾಕಿದರೆ ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳು ನಾಶವಾಗಿ ಮೊಲವು ಸಾಯುತ್ತದೆ. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಮುದುಡಿ ಕುಳಿತರೆ ಅದನ್ನು ತುರ್ತು ಸ್ಥಿತಿಯೆಂದು ತಿಳಿದು ಆ ರಾತ್ರಿಯೇ ವೈದ್ಯರ ಬಳಿಗೆ ಒಯ್ಯಬೇಕು.

ನೋವಿಲ್ಲವೆಂದು ಖಚಿತವಾದರೆ, ಮತ್ತು ಅದು ಹೆಣ್ಣೇ ಆಗಿದ್ದರೆ, ಗರ್ಭಕೋಶ ಹಾಗೂ ಅಂಡಾಶಯಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯೇ ನಿಜವಾದ ಪರಿಹಾರ. ಹೆಣ್ಣು ಮೊಲಕ್ಕೆ ನಾಯಿಯಂತೆ ನಿಗದಿತ ಬೆದೆಯ ಕಾಲವಿಲ್ಲ. ಪ್ರಾಯಕ್ಕೆ ಬಂದ ಮೇಲೆ ಹೆಚ್ಚುಕಡಿಮೆ ಸದಾ ಅದೇ ಒತ್ತಡದಲ್ಲಿ ಇರುತ್ತದೆ. ನಿಮ್ಮ ಕಾಲಿನ ಸುತ್ತ ಸುತ್ತುವುದೂ ಅದರದ್ದೇ ಲಕ್ಷಣ. ವಯಸ್ಸು ಹೆಚ್ಚಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವವೂ ಬಹಳವಿದೆ. ಕೆಲವು ತಳಿಗಳಲ್ಲಿ ನಾಲ್ಕು ವರ್ಷ ದಾಟಿದ ಹೆಣ್ಣುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಅದು ಕಂಡುಬಂದಿದೆ. ಚೆನ್ನಾಗಿ ನೋಡಿಕೊಂಡ ಮೊಲವು ಎಂಟರಿಂದ ಹನ್ನೆರಡು ವರ್ಷ ಬಾಳಬಲ್ಲದು.

ಮಗುವಿನ ಗಾಯದ ಬಗ್ಗೆ ಯಾರೂ ಬರೆದಿಲ್ಲ. ಕಚ್ಚಿದ ಜಾಗವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆಯಬೇಕು. ಮೊಲದ ಹಲ್ಲು ಆಳವಾಗಿ ಇಳಿಯುತ್ತದೆ, ಅದರ ಬಾಯಿಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಆದ್ದರಿಂದ ಕೈ ಕೆಂಪಾಗಿ ಊದಿಕೊಂಡಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ, ಧನುರ್ವಾಯುವಿನ ಲಸಿಕೆ ಆಗಿದೆಯೇ ಎಂದು ವಿಚಾರಿಸಿ. ಮನೆಯೊಳಗೆ ಬೆಳೆದ ಮೊಲದಿಂದ ಹುಚ್ಚುನಾಯಿ ರೋಗ ಬರುವ ಸಾಧ್ಯತೆ ತೀರ ಕಡಿಮೆ. ಆದರೂ ಬೀದಿನಾಯಿಯೋ ಬೆಕ್ಕೋ ಅದನ್ನು ಕಚ್ಚಿದ್ದುಂಟೇ ಎಂಬುದನ್ನು ಅದೇ ವೈದ್ಯರಿಗೆ ತಿಳಿಸಿ.


ಪ್ರಶ್ನೆ ಕೇಳಿದವರು, ಒಂಬತ್ತು ದಿನಗಳ ನಂತರ: ಕೇಶ್ವಾಪುರದ ತಾಯಿ

ಎಲ್ಲರ ಉತ್ತರಗಳನ್ನೂ ಯಜಮಾನರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ, ಆಮೇಲೆ ತಾವೇ ಹೋಗಿ ತಂತಿಬೇಲಿಯನ್ನು ತಂದರು. ಸಾಧನಕೇರಿಯವರು ಕೇಳಿದ ಪ್ರಶ್ನೆಗೆ ಉತ್ತರ ಹೌದು. ನೀವು ಬರೆದ ನಾಲ್ಕನೆಯ ದಿನ ಬೆಳಿಗ್ಗೆ ಪಂಜರದ ಮೂಲೆಯಲ್ಲಿ ಹತ್ತಿಯಂಥ ಬಿಳಿಯ ಕೂದಲಿನ ರಾಶಿ ಕಂಡಿತು, ಅದರ ಎದೆ ಬೋಳಾಗಿತ್ತು. ಚರ್ಮರೋಗವೆಂದು ಗಾಬರಿಯಾಗಿ ಪಶುವೈದ್ಯರಲ್ಲಿಗೆ ಒಯ್ದಾಗ ಅದು ಹೆಣ್ಣೆಂದೂ, ಗರ್ಭವಿಲ್ಲದಿದ್ದರೂ ಗರ್ಭವಾಗಿದೆಯೆಂದು ಅದರ ದೇಹವು ನಂಬಿಕೊಂಡು ಗೂಡು ಕಟ್ಟುತ್ತಿದೆಯೆಂದೂ ಹೇಳಿದರು. ಹಲ್ಲು, ಕಿವಿ ಚೆನ್ನಾಗಿವೆ. ಎಡ ಹಿಮ್ಮಡಿಯಲ್ಲಿ ಮಾತ್ರ ಕೂದಲು ಉದುರಿ ಕೆಂಪಾಗಿದೆ. ಮಗಳ ಗಾಯ ಮಾಗಿದೆ, ಲಸಿಕೆಯ ವಿಷಯವನ್ನೂ ವೈದ್ಯರಲ್ಲಿ ವಿಚಾರಿಸಿದ್ದೇವೆ. ಬಂಟಿ ಎಂಬ ಹೆಸರನ್ನು ಬದಲಿಸಲು ಅವಳು ಒಪ್ಪಿಲ್ಲ.

ನಾನು ಆ ಕೂದಲಿನ ಗೂಡನ್ನು ನೋಡುತ್ತ ಕುಳಿತಾಗ ಬಹಳ ದುಃಖವಾಯಿತು. ಇಲ್ಲದ ಮರಿಗಳನ್ನು ಅದು ಕಾಯುತ್ತಿತ್ತು, ನಾವು ಅದಕ್ಕೆ ಹೊಡೆಯುತ್ತಿದ್ದೆವು.

ಈಗ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಮನೆಯಲ್ಲಿ ಚರ್ಚೆ ನಡೆದಿದೆ. ಮೂಕಪ್ರಾಣಿಯ ಗರ್ಭಕೋಶವನ್ನು ಕೊಯ್ದು ತೆಗೆಸುವುದು ಪಾಪವೆಂದು ಅತ್ತೆಯವರು ನೊಂದುಕೊಳ್ಳುತ್ತಿದ್ದಾರೆ. ಅರಿವಳಿಕೆಯಲ್ಲಿ ಮೊಲಗಳು ಸತ್ತುಹೋಗುತ್ತವೆಂದು ನೆರೆಮನೆಯವರೂ ಹೇಳಿದರು. ಇದು ನಿಜವೇ?


ಉತ್ತರ: ಗದಗಿನ ಪಶುವೈದ್ಯ

ಕೇಳಿದ್ದು ಒಳ್ಳೆಯದಾಯಿತು, ಅಪಾಯವಿಲ್ಲವೆಂದು ಹೇಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಬ್ರಿಟನ್ನಿನಲ್ಲಿ 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವಿನ ಪ್ರಮಾಣವು ನಾಯಿಗಳಲ್ಲಿ ಶೇಕಡಾ 0.17, ಬೆಕ್ಕುಗಳಲ್ಲಿ ಶೇಕಡಾ 0.24 ಇದ್ದರೆ ಮೊಲಗಳಲ್ಲಿ ಶೇಕಡಾ 1.39 ಇತ್ತು. ಅಂದರೆ ನೂರರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು, ಮತ್ತು ಅದರಲ್ಲಿ ಮೊದಲೇ ಕಾಯಿಲೆ ಬಿದ್ದಿದ್ದ ಮೊಲಗಳೂ ಸೇರಿವೆ. ನಿಮ್ಮದು ಎಳೆಯ, ಆರೋಗ್ಯವಂತ ಪ್ರಾಣಿ.

ವೈದ್ಯರನ್ನು ಆರಿಸುವಾಗ ಸಂಕೋಚವಿಲ್ಲದೆ ಕೇಳಿ: ಇದುವರೆಗೆ ಎಷ್ಟು ಮೊಲಗಳಿಗೆ ಈ ಶಸ್ತ್ರಚಿಕಿತ್ಸೆ ಮಾಡಿದ್ದೀರಿ? ಹಿಂದಿನ ರಾತ್ರಿಯಿಂದ ಉಪವಾಸ ಇಡಬೇಕೆಂದು ಅವರು ಹೇಳಿದರೆ ಬೇರೆಯವರಲ್ಲಿಗೆ ಹೋಗಿ. ಮೊಲಕ್ಕೆ ವಾಂತಿ ಮಾಡಲು ಆಗುವುದೇ ಇಲ್ಲ, ಆದ್ದರಿಂದ ನಾಯಿಗೆ ಇಡುವಂತೆ ಉಪವಾಸ ಇಡಬೇಕಾಗಿಲ್ಲ. ಇಟ್ಟರೆ ಕರುಳಿನ ಚಲನೆ ನಿಂತುಹೋಗುವ ಅಪಾಯವಿದೆ. ನೋವು ನಿವಾರಕವನ್ನು ಕೆಲವು ದಿನ ಮನೆಯಲ್ಲಿಯೂ ಕೊಡಬೇಕು. ಗದಗಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ಹುಬ್ಬಳ್ಳಿಯಲ್ಲಿ ಅನುಭವಿಗಳು ಸಿಗದಿದ್ದರೆ ಅಲ್ಲಿಯೂ ವಿಚಾರಿಸಬಹುದು. ಸುಳ್ಳು ಗರ್ಭವು ಸಾಮಾನ್ಯವಾಗಿ 16 ರಿಂದ 18 ದಿನಗಳಲ್ಲಿ ಮುಗಿಯುತ್ತದೆ. ಅದು ಪೂರ್ತಿ ಮುಗಿದ ಮೇಲೆಯೇ ದಿನ ಗೊತ್ತುಮಾಡಿ. ಅಲ್ಲಿಯವರೆಗೆ ಆ ಗೂಡನ್ನು ತೆಗೆಯಬೇಡಿ. ಬಿಸಿಲಿನ ಝಳ ಇಳಿದು ಮಳೆ ಹಿಡಿದ ಮೇಲಾದರೆ ಇನ್ನೂ ಉತ್ತಮ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಈ ಮಾತನ್ನು ಹೇಳಿ: ಈ ಪ್ರಾಣಿ ಶಸ್ತ್ರಚಿಕಿತ್ಸೆ ಇಲ್ಲದೆ ಉಳಿದರೆ ಹುಟ್ಟದ ಮರಿಗಳಿಗಾಗಿ ತನ್ನ ಎದೆಯ ಕೂದಲನ್ನು ಮತ್ತೆ ಮತ್ತೆ ಕಿತ್ತುಕೊಳ್ಳುತ್ತದೆ. ಆ ಸಂಕಟದಿಂದ ಅದನ್ನು ಬಿಡಿಸುವುದು ಪಾಪವೆಂದು ನನಗೆ ಅನ್ನಿಸುವುದಿಲ್ಲ.


ಉತ್ತರ: ಸಾಧನಕೇರಿಯ ಮೊಲದ ಮನೆ

ವೈದ್ಯರು ನನ್ನನ್ನು ತಿದ್ದಿದ್ದು ಸರಿಯಾಗಿದೆ, ಪರೀಕ್ಷೆಯೇ ಮೊದಲಾಗಬೇಕು. ಬಿಸಿಲಿನ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಮೊಲವು ಬೆವರುವುದಿಲ್ಲ, ಕಿವಿಗಳ ಮೂಲಕವೇ ಮೈಯ ಶಾಖವನ್ನು ಹೊರಹಾಕುತ್ತದೆ. 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ, ನಿಮ್ಮ ಹುಬ್ಬಳ್ಳಿಯ ಬೇಸಿಗೆಯಲ್ಲಿ ಮಧ್ಯಾಹ್ನ ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ಬಾಟಲಿಯಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ ಪಕ್ಕದಲ್ಲಿ ಇಟ್ಟರೆ ಅದಕ್ಕೆ ಒರಗಿ ಮಲಗುತ್ತದೆ. ಮೈಮೇಲೆ ನೀರು ಸುರಿಯಬೇಡಿ, ಕಿವಿಗಳಿಗೆ ಮಾತ್ರ ಒದ್ದೆ ಕೈಯಿಂದ ಸವರಿ. ಬಾಯಿ ತೆರೆದು ಏದುಸಿರು ಬಿಟ್ಟರೆ ಒಂದು ನಿಮಿಷವೂ ಕಾಯಬಾರದು.


ಪ್ರಶ್ನೆ ಕೇಳಿದವರು, ಎರಡೂವರೆ ತಿಂಗಳ ನಂತರ: ಕೇಶ್ವಾಪುರದ ತಾಯಿ

ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಜೂನ್ ಕೊನೆಯ ವಾರದಲ್ಲಿ ಮಳೆ ಹಿಡಿದ ಮೇಲೆ ಬಂಟಿಗೆ ಶಸ್ತ್ರಚಿಕಿತ್ಸೆಯಾಯಿತು. ಅಂದು ಬೆಳಿಗ್ಗೆಯವರೆಗೂ ಅದು ಹುಲ್ಲು ತಿಂದಿತ್ತು. ಸಂಜೆ ಮನೆಗೆ ಬಂದ ಮೇಲೆ ರಾತ್ರಿ ಹತ್ತರವರೆಗೆ ಏನನ್ನೂ ಮುಟ್ಟಲಿಲ್ಲ. ಆ ನಾಲ್ಕು ಗಂಟೆಗಳನ್ನು ನಾನು ಎಂದಿಗೂ ಮರೆಯಲಾರೆ. ಹತ್ತೂಕಾಲಿಗೆ ಅತ್ತೆಯವರೇ ಕುಂಡದಿಂದ ಕಿತ್ತು ತಂದ ಕೊತ್ತಂಬರಿಯ ಒಂದು ಎಸಳನ್ನು ಎಳೆದುಕೊಂಡಿತು.

ಮೊದಲ ಎರಡು ವಾರ ಅದರ ಕೋಪದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ಮಾಡಿಸಿದ್ದು ವ್ಯರ್ಥವಾಯಿತೆಂದು ನಾನು ಕುಗ್ಗಿದೆ. ಹಾರ್ಮೋನುಗಳು ಮೈಯಿಂದ ಇಳಿಯಲು ನಾಲ್ಕರಿಂದ ಆರು ವಾರ ಬೇಕೆಂದು ವೈದ್ಯರು ಧೈರ್ಯ ಹೇಳಿದರು. ಐದನೆಯ ವಾರದಿಂದ ಗುರುಗುಟ್ಟುವುದು ನಿಂತಿದೆ. ಪಂಜರದ ಬಾಗಿಲನ್ನು ನಾವು ಮುಚ್ಚುವುದೇ ಇಲ್ಲ; ಬೇಲಿಯ ಒಳಗೆ ಅದಕ್ಕೆ ಆರು ಅಡಿ ಉದ್ದದ ಜಾಗವಿದೆ, ತಟ್ಟನ್ನು ದಿನವೂ ಬದಲಿಸುತ್ತೇವೆ, ಹಿಮ್ಮಡಿಯ ಕೆಂಪು ಹೋಗಿ ಕೂದಲು ಬಂದಿದೆ. ಕರಿಕಿಯನ್ನು ಯಜಮಾನರು ಉಣಕಲ್ ಕಡೆಗೆ ಬೆಳಗಿನ ನಡಿಗೆಗೆ ಹೋದಾಗ, ನಾಯಿಗಳು ಓಡಾಡದ ಜಾಗ ನೋಡಿ ಕಿತ್ತು ತಂದು ತೊಳೆದು ಹಾಕುತ್ತಾರೆ.

ಯಜಮಾನರ ಕೈಯನ್ನು ಕಂಡರೆ ಅದು ಈಗಲೂ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಅವರು ಪ್ರತಿದಿನ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ನಿನ್ನೆ ಅದು ಅವರ ಮೊಣಕಾಲಿಗೆ ಗದ್ದವನ್ನು ಉಜ್ಜಿ ಹೋಯಿತು. ಹಾಗೆ ಉಜ್ಜಿದರೆ ಏನರ್ಥವೆಂದು ಮಗಳು ನನ್ನನ್ನು ಕೇಳುತ್ತಿದ್ದಾಳೆ. ತಿಳಿದವರು ಬರೆದರೆ ಅವಳಿಗೆ ಓದಿ ಹೇಳುತ್ತೇನೆ.


ಉತ್ತರ: ಹಾವೇರಿಯ ಹೊಲದವನು

ಮೊಲದ ಗದ್ದದ ಕೆಳಗೆ ವಾಸನೆಯ ಗ್ರಂಥಿಗಳಿವೆ, ಆ ವಾಸನೆ ನಮ್ಮ ಮೂಗಿಗೆ ತಿಳಿಯುವುದಿಲ್ಲ. ಇದು ನನ್ನದು ಎಂದು ಗುರುತು ಹಾಕಬೇಕಾದ ವಸ್ತುಗಳಿಗೆ ಅದು ಗದ್ದವನ್ನು ಉಜ್ಜುತ್ತದೆ. ಮಗಳಿಗೆ ಹಾಗೆಂದು ಹೇಳಿ, ಯಜಮಾನರಿಗೂ ಹೇಳಿ.